ಬೂದಿ ಬಣ್ಣದ ಅಂಕಿ

ನಮ್ಮ ಊರಿನಲ್ಲಿ ಒಂದು ಮನೆಗೆ ಕಷ್ಟ ಬಂತೆಂದರೆ ಅದು ಮೊದಲು ತಿಳಿಯುವುದು ಆ ಮನೆಯ ಚಿಲಕಕ್ಕೆ. ಮಲಗುವ ಮುಂಚೆ ಬಾಗಿಲು ದೂಡಿ ಚಿಲಕ ಹಾಕಲು ಹೋದರೆ ಅದು ಕೊಂಡಿಗೆ ಸಿಕ್ಕುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಬಡಿಗನನ್ನು ಕರೆಸಿ ಪ್ರಯೋಜನವಿಲ್ಲ. ಅವನೂ ಒಮ್ಮೆ ಎತ್ತಿ ಬಿಟ್ಟು ನೋಡಿ, ಮನೆಯವರ ಮುಖ ನೋಡದೆ ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಡುತ್ತಾನೆ. ಒರಳುಕಲ್ಲು ಉರುಳಿಸಿ ಇಟ್ಟರೂ ಬೆಳಗಾಗುವಷ್ಟರಲ್ಲಿ ಕಲ್ಲು ಸರಿದು ಬಾಗಿಲು ಹಾರುಹೊಡೆದಿರುತ್ತದೆ. ಮಾರನೆಯ ಬೆಳಿಗ್ಗೆ ನಾನು ಅಂಗಡಿ ತೆರೆದು ಕಂಪ್ಯೂಟರ್ ಹಚ್ಚಿದರೆ, ಊರವರೆಲ್ಲ ಆಡುವ ಕೋಟೆ ಆಟದ ಹೊರಬಯಲಿನಲ್ಲಿ ಹೊಸದೊಂದು ಮೃಗ ಕಂಬಳಿ ಹೊದ್ದು ನಿಂತಿರುತ್ತದೆ. ಅದರ ತಲೆಯ ಮೇಲೆ ಆ ಮನೆಯ ಹೆಸರು ಬರೆದಿರುತ್ತದೆ. ಅಲ್ಲಿ ಆ ಮೃಗ ಬೀಳುವ ತನಕ ಇಲ್ಲಿ ಈ ಬಾಗಿಲು ಮುಚ್ಚುವುದಿಲ್ಲ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಬಾಗಿಲು ಬೀಳದ ಮನೆಯ ಹೊಸ್ತಿಲ ಮೇಲೆ ಯಾರಾದರೊಬ್ಬರು ಸದಾ ಕೂತಿರಬೇಕು, ಇಲ್ಲದಿದ್ದರೆ ನಾಯಿ ನುಗ್ಗಿ ರೊಟ್ಟಿಬುಟ್ಟಿ ಎಳೆದುಕೊಂಡು ಹೋಗುತ್ತದೆ, ನಾಯಿಗಿಂತ ಕಡೆಯಾದವರೂ ನುಗ್ಗುತ್ತಾರೆ. ಮನೆಮಂದಿ ಪಾಳಿ ಹಾಕಿಕೊಳ್ಳುತ್ತಾರೆ. ಅಂಥ ಮನೆಯ ಮುಂದೆ ಹಾದು ಹೋಗುವವರು ಎದುರಿನ ಗೋಡೆ ನೋಡುತ್ತ ಹೋಗುವುದು ನಮ್ಮಲ್ಲಿ ಮರ್ಯಾದೆ. ಮತ್ತೊಂದು ಪದ್ಧತಿಯೂ ಇದೆ: ಬಾಗಿಲು ಬೀಳದ ಮನೆಯಲ್ಲಿ ಯಾರೂ ದನಿ ತೆಗೆದು ಅಳುವುದಿಲ್ಲ. ಬೀದಿಗೆ ಕೇಳುವ ಅಳು ಅಳುವಲ್ಲ, ಡಂಗುರ ಎನ್ನುತ್ತಾರೆ ಹಿರಿಯರು. ಅಳುವುದೆಲ್ಲ ಬಾಗಿಲು ಬಿದ್ದ ಮೇಲೆ. ಆದ್ದರಿಂದ ನಮ್ಮ ಊರಿನಲ್ಲಿ ಎಲ್ಲಾದರೂ ಗೋಳೋ ಎಂಬ ದನಿ ಕೇಳಿದರೆ ಜನ, ಪಾಪ, ಅಂತೂ ಅವರ ಬಾಗಿಲು ಬಿತ್ತು ಎಂದು ಕೈ ಮುಗಿಯುತ್ತಾರೆ.

ನನ್ನ ಅಂಗಡಿ ಇರುವುದು ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಆರು ಕಂಪ್ಯೂಟರ್, ಆರು ಸ್ಟೂಲು. ಕೆಳಗೆ ಗಿರಣಿ ಓಡುವಾಗ ಮೌಸು ತಾನಾಗಿ ಮೇಜಿನ ಅಂಚಿಗೆ ಸರಿಯುತ್ತದೆ, ಕೀಲಿಗಳ ಸಂದಿಯಲ್ಲಿ ಜೋಳದ ಹಿಟ್ಟು ಕೂತಿರುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಅಡಿವೆಪ್ಪ; ಊರವರು ಹರಳಿನ ಅಡಿವೆಪ್ಪ ಎನ್ನುತ್ತಾರೆ. ಕತ್ತಿಗೆ ಹರಳು ಕೂರಿಸುವುದು ನನ್ನ ಕೆಲಸ. ಆಟದಲ್ಲಿ ಮನೆಗೊಂದು ಕತ್ತಿ, ಕತ್ತಿಯ ಹಿಡಿಯಲ್ಲಿ ಎರಡು ಗೂಡು. ಬರಿಗತ್ತಿಯ ಪೆಟ್ಟಿಗೆ ಬೆಲೆ ನೂರು. ಹೊಡೆದ ಕೂಡಲೇ ಮೃಗದ ಮೈಯಿಂದ ಬಿಳಿಯ ನೂರು ಹಾರುವುದು ತೆರೆಯ ಮೇಲೆ ಕಾಣುತ್ತದೆ. ಮೃಗವೋ, ಒಂದು ಉಸಿರಿನಲ್ಲಿ ಆ ನೂರನ್ನೂ ಮತ್ತೆ ತುಂಬಿಕೊಳ್ಳುತ್ತದೆ. ಬರಿಗತ್ತಿಯಲ್ಲಿ ಹೊಡೆಯುವುದೆಂದರೆ ನೀರು ಕಡೆದು ಬೆಣ್ಣೆ ತೆಗೆಯಹೊರಟ ಹಾಗೆ. ಅದರ ಜಾತಿಗೆ ತಕ್ಕ ಹರಳು ಗೂಡಿನಲ್ಲಿದ್ದರೆ ಮಾತ್ರ ಪೆಟ್ಟು ನೂರರವತ್ತಾಗುತ್ತದೆ, ಮೃಗ ಸೋಲುತ್ತ ಬರುತ್ತದೆ. ಜಗಳದ ಮನೆಗೆ ಬರುವುದು ಬೆಂಕಿಜಾತಿ, ಅದಕ್ಕೆ ಬೆಂಕಿಹರಳು, ಅಂಕಿ ಕೆಂಪಗೆ ಹಾರುತ್ತದೆ. ರೋಗದ ಮನೆಗೆ ಹುಳದ ಜಾತಿ, ಅಂಕಿ ಹಸಿರು. ಯಾರಾದರೂ ತಾವಾಗಿ ಬಿಟ್ಟು ಹೋದ ಮನೆಗೆ ಮನುಷ್ಯಜಾತಿ, ಅಂಕಿ ಹಳದಿ. ಸಾವಿನ ಮನೆಗೆ ಹೆಣದ ಜಾತಿ, ಅಂಕಿ ಬೂದಿ. ಹಸುಗೂಸಿಗೂ ನಮ್ಮಲ್ಲಿ ಈ ನಾಲ್ಕು ಬಣ್ಣ ಗೊತ್ತು.

ಇಷ್ಟೇ ಆಗಿದ್ದರೆ ನನ್ನ ಕೆಲಸ ಸುಲಭವಾಗಿರುತ್ತಿತ್ತು. ಆದರೆ ಎಲ್ಲ ಮೃಗಗಳೂ ಕಂಬಳಿ ಹೊದ್ದೇ ಬರುತ್ತವೆ, ಎಲ್ಲವೂ ಒಂದೇ ಎತ್ತರ, ಒಂದೇ ನಡೆ. ಒಳಗಿರುವುದು ಯಾವ ಜಾತಿ ಎಂದು ಮನೆಯವರ ಬಾಯಿಂದಲೇ ಕೇಳಿ ತಿಳಿಯಬೇಕು. ಕೂರಿಸಿದ ಹರಳು ಮತ್ತೆ ಕಿತ್ತು ಬರುವುದಿಲ್ಲ. ಇಡೀ ಊರಿನ ಪಾಲಿಗೆ ವರ್ಷಕ್ಕೆ ಸಿಗುವುದು ಹನ್ನೆರಡು ಹರಳು, ಒಂದು ಮನೆಗೆ ಹರಳಿನ ಪಾಳಿ ಮತ್ತೆ ಬರಲು ನಾಲ್ಕು ವರ್ಷ ಬೇಕು. ಎರಡೂ ಗೂಡು ತಪ್ಪು ಹರಳಿನಿಂದ ತುಂಬಿದರೆ ಆ ಬಾಗಿಲು ಜನ್ಮಕ್ಕೆ ಮುಚ್ಚುವುದಿಲ್ಲ. ಹಾಗಾದ ಮನೆಗಳು ಊರಿನಲ್ಲಿ ಮೂರಿವೆ. ವೈದ್ಯನ ಮುಂದೆ, ವಕೀಲನ ಮುಂದೆ, ಹರಳಿನವನ ಮುಂದೆ ಸುಳ್ಳು ಹೇಳಬಾರದೆಂದು ನಮ್ಮಲ್ಲಿ ಗಾದೆಯೇ ಇದೆ. ಆದರೂ ಹೇಳುತ್ತಾರೆ. ನಮ್ಮ ಶಾಲೆಯ ಹೆಡ್‌ಮಾಸ್ತರರು, ತಮ್ಮ ಮನೆಯಲ್ಲಿ ಜಗಳವೆಂಬುದೇ ಇಲ್ಲ, ಹೆಂಡತಿಗೆ ಬರೀ ತಲೆನೋವು ಎಂದು ಹುಳದ ಹರಳು ಕೂರಿಸಿಕೊಂಡು ಹೋದರು. ಬಿಳಿಯ ನೂರು ನೋಡಿ ನೋಡಿ ಸಾಕಾಗಿ, ನಾಲ್ಕು ವರ್ಷ ಹೊಸ್ತಿಲ ಮೇಲೆ ಕೂತೇ ಮಕ್ಕಳ ಪೇಪರು ತಿದ್ದಿ, ಕೊನೆಗೆ ಬಂದು ತಲೆ ತಗ್ಗಿಸಿ, "ಬೆಂಕೀದೇ ಕೊಡಪಾ" ಎಂದರು. ಅವರನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಮನೆಯವರು ಹರಳಿನವನಿಗೆ ಸುಳ್ಳು ಹೇಳಬಾರದು ಎಂದು ಗಾದೆ ಮಾಡಿದವರು, ಹರಳಿನವನೇ ಮನೆಯವರಿಗೆ ಸುಳ್ಳು ಹೇಳಿದರೆ ಏನು ಗತಿ ಎಂಬುದನ್ನು ಯೋಚಿಸಿರಲಿಲ್ಲ.

ಹೊನ್ನವ್ವನ ಮನೆ ನನ್ನ ಮನೆಯಿಂದ ನಾಲ್ಕನೆಯದು. ಗಂಡ ದುಂಡಪ್ಪ, ಅತ್ತೆ ಸಂಗವ್ವ, ಮೂರೇ ಜನ. ಐದು ವರ್ಷದ ಹಿಂದೆ ದುಂಡಪ್ಪ ಎಲ್ಲೋ ಗುಡ್ಡ ಕೊರೆದು ಸುರಂಗ ಮಾಡುತ್ತಾರೆಂದು ಆ ಕೆಲಸಕ್ಕೆ ಹೋದ. ತಿಂಗಳೊಳಗೆ ಸುರಂಗ ಕುಸಿದ ಸುದ್ದಿ ಬಂತು. ಒಳಗೆ ಉಳಿದವರ ಹೆಸರು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನಿಂದ ಕಾಗದವಿಲ್ಲ, ಫೋನಿಲ್ಲ. ಇತ್ತ ಮನೆಯ ಚಿಲಕ ಜಾರಿತು. ಹೊನ್ನವ್ವ ಮೂರು ತಿಂಗಳು ಕಾದು, ಒಂದು ದಿನ ಬೆಳಿಗ್ಗೆ ಕುಂಕುಮ ಒರೆಸಿ, ಬಳೆ ತೆಗೆದು ಡಬ್ಬಿಯಲ್ಲಿಟ್ಟಳು. ಸಂಗವ್ವ ಮಾತ್ರ ಒಪ್ಪಲಿಲ್ಲ. ಹೆತ್ತವಳಿಗೆ ಗೊತ್ತಿಲ್ಲದ ಸಾವು ಈ ಸೊಸೆಗೆ ಹೇಗೆ ಗೊತ್ತಾಯಿತು ಎಂದು ಅಂದಳು, ಅಂದಿನಿಂದ ಸೊಸೆಯ ಹಣೆ ನೋಡುವುದನ್ನು ಬಿಟ್ಟಳು. ಒಂದೇ ಹೊಸ್ತಿಲನ್ನು ಇಬ್ಬರೂ ಪಾಳಿಯ ಮೇಲೆ ಕಾಯುತ್ತಿದ್ದರು: ಒಬ್ಬಳು ಸತ್ತವನಿಗಾಗಿ, ಇನ್ನೊಬ್ಬಳು ಬರುವವನಿಗಾಗಿ. ಹೊನ್ನವ್ವ ಕೂತಾಗ ಪಕ್ಕದಲ್ಲಿ ಒಣಮೆಣಸಿನಕಾಯಿಯ ಚೀಲ ಇರುತ್ತಿತ್ತು. ವ್ಯಾಪಾರಿಗಳ ಕಾಯಿಯ ತೊಟ್ಟು ಮುರಿದುಕೊಡುವುದು ಆಕೆಯ ಕೆಲಸ. ಆ ಘಾಟಿಗೆ ಆಕೆಯ ಕಣ್ಣು ಯಾವಾಗಲೂ ಕೆಂಪಗಿರುತ್ತಿದ್ದವು, ಅವುಗಳಲ್ಲಿ ಯಾವ ನೀರು ಯಾತರದ್ದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ನೋಡಿದರೆ ಆ ಕೆಲಸ ಆಕೆಗೆ ಅನುಕೂಲವೇ ಆಗಿತ್ತು.

ಮುಂದಿನ ವರ್ಷ ಆಕೆಗೆ ಹರಳಿನ ಮೊದಲ ಪಾಳಿ ಬಂತು. ಅದಕ್ಕೆ ಎಂಟು ದಿನ ಮುಂಚೆ ನಡೆದದ್ದನ್ನು ಈಗ ಹೇಳಲೇಬೇಕು. ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ನಾನು ಸುಮ್ಮನೆ ಬಯಲಿನಲ್ಲಿ ಅಡ್ಡಾಡುತ್ತಿದ್ದೆ. ಕೋಟೆಯ ಗೋಡೆಯ ಹತ್ತಿರ ಒಂದು ಹೆಸರಿನ ಮುಂದೆ, ಆಟದೊಳಗೆ ಬಂದವರಿಗೆ ಹತ್ತುವ ಹಸಿರು ದೀಪ ಹತ್ತಿತು. ದುಂಡಪ್ಪ. ಅವನ ಕೈಯಲ್ಲಿ ತನ್ನ ಮನೆಯ ಕತ್ತಿ ಇರಲಿಲ್ಲ. ಬೇರೆ ಯಾವುದೋ ಮನೆಯ ಕತ್ತಿ ಹಿಡಿದಿದ್ದ. ನಮ್ಮಲ್ಲಿ ಮನೆಯವರಲ್ಲದವರ ಕೈಗೆ ಕತ್ತಿ ಬರುವುದಿಲ್ಲ. ಅವನು ಇನ್ನೊಂದು ಮನೆಯವನಾಗಿದ್ದ. ನಾನು, ದುಂಡಪ್ಪಾ, ಎಲ್ಲಿದ್ದೀಯೋ ಎಂದು ಬರೆದೆ. ಆಮೇಲೆ ಒಂದು ಸಾಲು ಬಂತು: "ಅಣ್ಣಾ, ನನ್ನ ನೋಡೇ ಇಲ್ಲ ಅನ್ನು." ದೀಪ ಆರಿತು. ಮತ್ತೆ ಯಾವತ್ತೂ ಹತ್ತಲಿಲ್ಲ.

ಎಂಟು ದಿನದ ನಂತರ ಹೊನ್ನವ್ವ ಬಂದು ಹೆಣದ ಜಾತಿಯ ಹರಳು ಕೇಳಿದಾಗ ನಾನು ತಪ್ಪದೆ ಹೇಳಬೇಕಾಗಿತ್ತು. ಹೇಳಲಿಲ್ಲ. ಸತ್ತ ಗಂಡನ ದುಃಖ ಹೊರಬಹುದು, ಬಿಟ್ಟ ಗಂಡನ ಅವಮಾನ ಹೇಗೆ ಹೊತ್ತಾಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಕರುಣೆ ಎಂದು ಆಗ ಅಂದುಕೊಂಡಿದ್ದೆ. ಈಗ ಕೇಳಿದರೆ, ಅದು ಹೇಡಿತನ, ಮೇಲೆ ಕರುಣೆಯ ಶಾಲು ಹೊದೆಸಿದ್ದೆ ಅಷ್ಟೇ. ಊರ ಉಸಾಬರಿ ನನಗೇಕೆ ಎಂಬ ಬುದ್ಧಿ. ನಡೆಯುವುದಿಲ್ಲವೆಂದು ಗೊತ್ತಿದ್ದೂ ನನ್ನ ಕೈಯಾರೆ ಆ ಹರಳನ್ನು ಗೂಡಿಗೆ ಕೂರಿಸಿದೆ. ಆಕೆ ಹೊಡೆದಳು. ಬಿಳಿಯ ನೂರು. ಮತ್ತೆ ಹೊಡೆದಳು, ಬಿಳಿಯ ನೂರು. ಆಕೆ ತಿರುಗಿ ನನ್ನ ಮುಖ ನೋಡಿದಾಗ, "ಹರಳು ಪೊಳ್ಳು ಬಂದೈತಿ ತಂಗಿ, ಒಮ್ಮೊಮ್ಮೆ ಹಿಂಗ ಆಗತೈತಿ" ಎಂದುಬಿಟ್ಟೆ. ಆಕೆ ನಂಬಿದಳು. ನಮ್ಮ ಊರಿನಲ್ಲಿ ಹರಳಿನವನನ್ನು ನಂಬದಿರುವವರು ಯಾರು? ಮತ್ತೆ ನಾಲ್ಕು ವರ್ಷ ಹೊಸ್ತಿಲು ಕಾಯಲು ಎದ್ದು ಹೋದಳು. ಪೊಳ್ಳು ಹರಳಿನ ಕತ್ತಿಯನ್ನು ಯಾರು ಎತ್ತುತ್ತಾರೆ? ಆ ಕತ್ತಿ ಹಾಗೇ ಕೋಟೆಯ ಗೋಡೆಗೆ ನೇತಾಡಿತು.

ಆ ನಾಲ್ಕು ವರ್ಷ ನಾನು ಆ ಮನೆಯ ಮುಂದೆ ಎದುರು ಗೋಡೆ ನೋಡುತ್ತ ಓಡಾಡಿದೆ. ಅದು ಮರ್ಯಾದೆಗಲ್ಲ. ಸಂಗವ್ವನ ಬೆನ್ನು ಬಾಗಿತು, ಹೊಸ್ತಿಲ ಗಾಳಿಗೆ ಕೆಮ್ಮು ಹತ್ತಿತು. ಹೊನ್ನವ್ವನ ಕೂದಲು ಮುಂದಲೆಯಲ್ಲಿ ಬೆಳ್ಳಗಾಯಿತು. ಅವರ ಮನೆಯಿಂದ ಎರಡು ಸಲ ತಾಮ್ರದ ಕೊಡ ಕಳುವಾಯಿತು, ಒಮ್ಮೆ ನಾಯಿ ಸಂಗವ್ವನ ಕೈಗೇ ಬಾಯಿ ಹಾಕಿತು. ಪ್ರತಿ ಸಲವೂ ಆ ಸುದ್ದಿ ಬಂದಾಗ ನಾನು ಮಾತು ಬದಲಿಸುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂಬುದು ಸುಳ್ಳಲ್ಲ. ನನ್ನ ಬಾಗಿಲು ಮಾತ್ರ ದಿನಾಲೂ ಸರಿಯಾಗಿ ಬೀಳುತ್ತಿತ್ತು, ಆ ಸಪ್ಪಳ ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಈ ವರ್ಷ ಆಕೆಗೆ ಹರಳಿನ ಪಾಳಿ ಬಂದದ್ದು ಅಮಾವಾಸ್ಯೆಯ ದಿನ. ಗಿರಣಿ ಬಂದ್ ಇತ್ತು, ಅಂಗಡಿಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಮತ್ತೊಂದಿಲ್ಲ. ಹೊನ್ನವ್ವ ಮೆಣಸಿನಕಾಯಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು, ಸ್ಟೂಲಿನ ತುದಿಗೆ ಕೂತಳು.

"ಈ ಸಲ ಪೊಳ್ಳು ಕೊಡಬ್ಯಾಡ್ರಿ ಅಣ್ಣಾ. ಇನ್ನೊಂದ ಗೂಡು ಉಳದೈತಿ. ಚೆಂದಂಗ ನೋಡಿ, ಗಟ್ಟಿ ಇದ್ದದ್ದು ಹಾಕ್ರಿ."

"ಯಾವ ಜಾತೀದು?" ಎಂದೆ. ಗೊತ್ತಿದ್ದೂ ಕೇಳಿದೆ.

"ಇದೇನ್ ಕೇಳತೀರಿ? ಹೆಣದ ಜಾತೀದು. ನಮ್ಮತ್ತೀಗೆ ಈಗ ಕೂಡಾಕ ಆಗವಲ್ದು. ರಾತ್ರಿ ಪೂರಾ ಕೆಮ್ಮತಾಳ. ಒಂದು ಚಳಿಗಾಲ ಬಾಗಲಾ ಹಾಕ್ಕೊಂಡು ಮಲಗ್ಲಿ ಪಾಪ, ಮುದುಕಿ."

ನಾನು ಮೌಸನ್ನು ತೆರೆಯ ಮೇಲಿನ ಹರಳಿನ ಪೆಟ್ಟಿಗೆಯ ತನಕ ಒಯ್ದು ಅಲ್ಲೇ ನಿಲ್ಲಿಸಿದೆ. ಇದು ಕೊನೆಯ ಗೂಡು. ಇಲ್ಲಿ ಮತ್ತೆ ಸುಳ್ಳು ಹೇಳಿದರೆ ಆ ಮನೆಯ ಬಾಗಿಲನ್ನು ನಾನೇ ಕಿತ್ತು ಒಲೆಗೆ ಹಾಕಿದ ಹಾಗೆ.

"ಹೊನ್ನವ್ವಾ, ಅವತ್ತಿನ ಹರಳು ಪೊಳ್ಳಿರಲಿಲ್ಲ."

"ಅಂದ್ರ?"

"ಹರಳು ಗಟ್ಟೀನ ಇತ್ತು. ದುಂಡಪ್ಪ ಸತ್ತಿರಲಿಲ್ಲ. ಅದಕ್ಕ ನಡೀಲಿಲ್ಲ."

ಹಸಿರು ದೀಪದ ಸುದ್ದಿ, ಬೇರೆ ಮನೆಯ ಕತ್ತಿ, ಅವನು ಬರೆದ ಸಾಲು, ಎಲ್ಲವನ್ನೂ ಹೇಳಿದೆ. ಹೇಳುವಾಗ ಆಕೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ಕೀಲಿಗಳ ಸಂದಿಯ ಹಿಟ್ಟು ನೋಡುತ್ತ ಹೇಳಿದೆ.

"ನಾಕು ವರ್ಷ ಅಡಿವೆಪ್ಪಣ್ಣಾ," ಎಂದಳು. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. "ನಾಕು ವರ್ಷ ನಮ್ಮತ್ತಿ ನನ್ನ ಮಾರಿ ನೋಡಿಲ್ಲ. ನನ್ನ ಮಗನ್ನ ಜೀವಂತ ಹುಗದಿ ಅಂತಾಳ. ನಾ ಆಕಿಗೆ ಹುಚ್ಚು ಅಂತಿದ್ದೆ. ಖರೆ ಅಂದಾಕಿ ಆಕೀನ. ಅದು ಗೊತ್ತಿದ್ದು ನೀವು ಮ್ಯಾಲೆ ಕುಂತು ನೋಡಾಕ ಹತ್ತಿದ್ರಿ."

"ತಪ್ಪಾತು ತಂಗಿ."

"ಯಾವ ಮನಿ ಕತ್ತಿ ಹಿಡದಿದ್ದ?"

"ಓದಾಕ ಬರಲಿಲ್ಲ. ಬ್ಯಾರೆ ಕಡೀ ಅಕ್ಷರ ಇದ್ವು."

ಆಕೆ ನಕ್ಕಳು. ಆ ನಗೆ ನೋಡುವುದಕ್ಕಿಂತ ಆಕೆ ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು, ಕೈಯ ಖಾರ ಕಣ್ಣಿಗೆ ತಾಗಿ ಮತ್ತೂ ಕೆಂಪಗಾಯಿತು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು.

"ಹಂಗಾದ್ರ ಮನುಷ್ಯಜಾತೀದು ಹಾಕ್ರಿ. ಬಿಟ್ಟು ಹೋದವಗ ಎಷ್ಟಂತ ಬಾಗಲಾ ತಕ್ಕೊಂಡು ಕೂಡೂದು?"

ಹಳದಿ ಹರಳನ್ನು ಎರಡನೆಯ ಗೂಡಿಗೆ ಕೂರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಹರಳನ್ನೂ ಕೂರಿಸಿಲ್ಲ. ಹೊಡೆಯುವುದು ಮನೆಯವರೇ ಹೊಡೆಯಬೇಕು, ಅದಕ್ಕೆ ಮೌಸು ಆಕೆಯ ಕಡೆ ಸರಿಸಿದೆ. ಬಯಲಿನಲ್ಲಿ ಅವರ ಮನೆಯ ಮೃಗ ಐದು ವರ್ಷದಿಂದ ನಿಂತಲ್ಲೇ ನಿಂತಿತ್ತು, ಕಂಬಳಿ ಮಾತ್ರ ಹಳತಾಗಿತ್ತು. ಹೊನ್ನವ್ವ ಹಲ್ಲು ಕಚ್ಚಿ ಒಂದು ಪೆಟ್ಟು ಹಾಕಿದಳು.

ನೂರರವತ್ತು ಹಾರಿತು. ನಾನು ಉಸಿರು ಬಿಡುವಷ್ಟರಲ್ಲಿ ಅದರ ಬಣ್ಣ ಕಂಡಿತು. ಹಳದಿಯಲ್ಲ. ಬೂದಿ.

ಕಂಪ್ಯೂಟರ್ ಕೆಟ್ಟಿದೆಯೇನೋ ಎಂದು ನಾನು ತೆರೆಯನ್ನು ಅಂಗೈಯಿಂದ ಒರೆಸಿದೆ. ಆಕೆ ಮತ್ತೆ ಹೊಡೆದಳು. ಮತ್ತೆ ಬೂದಿ. ಹಳದಿ ಹರಳು ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಕೆಲಸ ಮಾಡುತ್ತಿದ್ದದ್ದು ನಾಲ್ಕು ವರ್ಷದ ಹಿಂದೆ ನಾನು ಪೊಳ್ಳು ಎಂದಿದ್ದ ಹರಳು. ಕತ್ತಿ ಗೋಡೆಗೆ ನೇತಾಡುತ್ತಿದ್ದ ಈ ನಾಲ್ಕು ವರ್ಷದಲ್ಲಿ ಯಾವಾಗಲೋ, ಹೋದ ವಾರವೋ ಮೂರು ವರ್ಷದ ಹಿಂದೆಯೋ, ಯಾವುದೋ ಊರಿನಲ್ಲಿ ದುಂಡಪ್ಪ ತೀರಿಕೊಂಡಿದ್ದ. ಆ ದಿನವೇ ಇಲ್ಲಿ ಕಂಬಳಿಯೊಳಗಿನ ಜಾತಿ ಬದಲಾಗಿತ್ತು. ಅಂದಿನಿಂದ ಯಾವತ್ತು ಎತ್ತಿ ಹೊಡೆದಿದ್ದರೂ ಆ ಕತ್ತಿ ಸಾಕಾಗುತ್ತಿತ್ತು.

ಹೊನ್ನವ್ವನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಬೂದಿ ಎಂದರೆ ಏನೆಂದು ಆಕೆಗೆ ಗೊತ್ತಿತ್ತು.

"ಯಾವಾಗ?" ಎಂದಳು.

"ಗೊತ್ತಿಲ್ಲವ್ವಾ."

"ಅರ್ಧ ತಾಸು ಮುತ್ತೈದಿ ಮಾಡಿದ್ರಿ ನೋಡ್ರಿ ನನ್ನ," ಎಂದಳು. "ನಿಮ್ಮ ಉಪಕಾರ."

ಕೈ ಮೌಸಿನ ಮೇಲಿಂದ ತೆಗೆದಳು. ಮೃಗ ಉಸಿರು ಉಸಿರಿಗೆ ತುಂಬಿಕೊಳ್ಳತೊಡಗಿತು. ಆಕೆ ಎದ್ದು ಹೋಗುತ್ತಾಳೇನೋ ಅಂದುಕೊಂಡೆ. ಹೋಗಲಿಲ್ಲ. ಮತ್ತೆ ಕೈ ಇಟ್ಟು ಹೊಡೆಯಲು ಶುರು ಮಾಡಿದಳು. ಒಂದೊಂದು ಪೆಟ್ಟಿಗೂ ಬೂದಿ ಬಣ್ಣದ ಅಂಕಿ ಏಳುತ್ತಿತ್ತು, ಆಕೆ ಪ್ರತಿ ಸಲವೂ ಅದನ್ನು ಪೂರ್ತಿ ಮಾಯವಾಗುವ ತನಕ ನೋಡಿ ಮುಂದಿನ ಪೆಟ್ಟು ಹಾಕುತ್ತಿದ್ದಳು. ಕೊನೆಗೆ ಕಂಬಳಿ ನೆಲಕ್ಕೆ ಕುಸಿಯಿತು. ಒಳಗೆ ಏನೂ ಇರಲಿಲ್ಲ, ಯಾವತ್ತೂ ಇರುವುದಿಲ್ಲ.

ಮೆಟ್ಟಿಲ ಹತ್ತಿರ ನಿಂತು ಆಕೆ ತಿರುಗಿ ನೋಡಿದಳು. "ನಮ್ಮತ್ತೀಗೆ ಹಳದಿ ಬಂತು ಅಂತೀನಿ. ನೀ ಅಂದದ್ದ ಖರೆ, ಅವ ಮತ್ತೊಬ್ಬಾಕಿ ಮನ್ಯಾಗ ಜೀವಂತ ಅದಾನ ಅಂತೀನಿ. ಇಷ್ಟು ದಿವಸ ಆಕಿ ಮಗ ಬದುಕಿದ್ದಾಗ ನಾ ಸಾಯಿಸಿ ಇಟ್ಟಿದ್ದೆ. ಈಗ ಸತ್ತಾಗ ಆಕಿ ಪಾಲಿಗರ ಬದುಕಿ ಇರ್ಲಿ. ಕೇಳಿದ್ರ ನೀವೂ ಹಂಗ ಹೇಳ್ರಿ. ನಿಮಗ ರೂಢಿ ಐತಿ."

ಆ ಮಾತಿಗೆ ನಾನು ಅರ್ಹನೇ ಆಗಿದ್ದೆ. ತಲೆಯಾಡಿಸಿದೆ.

ಮಾರನೆಯ ದಿನ ಹೊನ್ನವ್ವ ಹಣೆಗೆ ಕುಂಕುಮ ಇಟ್ಟು, ಡಬ್ಬಿಯಲ್ಲಿದ್ದ ಹಸಿರು ಬಳೆ ತೊಟ್ಟು ಬಾವಿಗೆ ಬಂದದ್ದನ್ನು ಊರೆಲ್ಲ ನೋಡಿತು. ಮುದುಕಿ ನಂಬಬೇಕೆಂದರೆ ಅಷ್ಟು ಮಾಡಬೇಕಾಗಿತ್ತು. ಸಂಗವ್ವ ಎಷ್ಟೋ ವರ್ಷಕ್ಕೆ ಸೊಸೆಯ ಗದ್ದ ಹಿಡಿದು ಮುಖ ನೋಡಿದಳಂತೆ, ಬೆಲ್ಲ ತಿನ್ನಿಸಿದಳಂತೆ. ಬಾಗಿಲು ಈಗ ಬೀಳುತ್ತದೆ ಎಂದು ಓಣಿಯವರು ಮಾತಾಡಿಕೊಂಡರು. ಅಂತೂ ಒಂದು ದಡ ಸೇರಿದರಲ್ಲ ಎಂದು ನನಗೂ ಸ್ವಲ್ಪ ನಿರಾಳವಾಯಿತು. ಆದರೆ ಆ ಸಂಜೆ ಬಾಗಿಲು ಮುಚ್ಚಲಿಲ್ಲ, ಮರುದಿನ ಸಂಜೆಯೂ ಮುಚ್ಚಲಿಲ್ಲ.

ಮುಚ್ಚಗೊಡದವಳು ಸಂಗವ್ವ. ಮಗ ಬದುಕಿದ್ದಾನೆಂದು ಹರಳೇ ಹೇಳಿದ ಮೇಲೆ ಬಾಗಿಲು ಹಾಕುವುದೆಂದರೇನು? ಬರುವವನು ಬಂದು, ಮುಚ್ಚಿದ ಕದ ನೋಡಿ, ನನ್ನನ್ನು ಬೇಡವೆಂದರು ಎಂದು ತಿರುಗಿ ಹೋದರೆ? ಮೊದಲು ಪಾಳಿಯ ಮೇಲೆ ಕೂರುತ್ತಿದ್ದವಳು ಈಗ ಸೊಸೆಯನ್ನೂ ಕೂರಗೊಡದೆ ಹಗಲೂ ರಾತ್ರಿ ತಾನೇ ಹೊಸ್ತಿಲು ಹಿಡಿದಳು. ಕೌದಿ ತಂದು ಅಲ್ಲೇ ಹಾಸಿಕೊಂಡಳು. ಮಾಗಿಯ ಚಳಿ ಶುರುವಾಗಿತ್ತು. ಕೆಮ್ಮು ನಮ್ಮ ಮನೆಯ ತನಕ ಕೇಳುತ್ತಿತ್ತು. ಯಾವ ಬಾಗಿಲಿಗಾಗಿ ಹೊನ್ನವ್ವ ಅಷ್ಟೆಲ್ಲ ಮಾಡಿದಳೋ ಆ ಬಾಗಿಲನ್ನು ಈಗ ಆಕೆಯ ಸುಳ್ಳೇ ಒದ್ದು ತೆರೆದಿಟ್ಟಿತ್ತು. ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. ಬಳೆಯ ಕೈಯಲ್ಲಿ ಮೆಣಸಿನಕಾಯಿ ಮುರಿಯುತ್ತ ಒಳಗೆ ಕತ್ತಲಲ್ಲಿ ಕೂತಿರುತ್ತಿದ್ದಳು. ಒಮ್ಮೆ ಬಾವಿಯ ಹತ್ತಿರ ಸಿಕ್ಕಾಗ, "ಹಿಂಗಾದ್ರ ಮುದುಕಿ ಹುಣ್ಣಿವಿ ಕಾಣೂದಿಲ್ರಿ" ಎಂದಳು. ಈ ವಿದ್ಯೆಯನ್ನು ಆಕೆಗೆ ಕಲಿಸಿದ ಗುರು ನಾನೇ.

ಹನ್ನೆರಡನೆಯ ದಿನ ಸಂಜೆ ಅಂಗಡಿಯ ಬಾಗಿಲು ಹಾಕಿಕೊಂಡು ಮನೆಗೆ ಬರುತ್ತಿದ್ದೆ. ಎದುರು ಗೋಡೆ ನೋಡುತ್ತ ದಾಟುವವನಿದ್ದೆ.

"ಅಡಿವೆಪ್ಪಾ, ಇಲ್ಲಿ ಬಾ," ಎಂದು ಸಂಗವ್ವ ಕರೆದಳು.

ಹೋಗಿ ಹೊಸ್ತಿಲ ಕೆಳಗೆ ನಿಂತೆ. ಮುದುಕಿ ಅರ್ಧಕ್ಕರ್ಧ ಇಳಿದುಹೋಗಿದ್ದಳು, ಕಣ್ಣು ಮಾತ್ರ ಚುರುಕಾಗಿದ್ದವು.

"ಅವತ್ತು ಹೊಡದಾಗ ನೀ ಅಲ್ಲೇ ಇದ್ದೆಲ್ಲ?"

"ಇದ್ದೆ ಆಯೀ."

"ಆಕಿ ಕುಂಕುಮ ಹಚ್ಕೋತಾಳ, ಬಳಿ ಹಾಕ್ಕೋತಾಳ. ಬೆಲ್ಲ ತಿನಿಸಿದ್ರ ತಿಂತಾಳ. ಆದ್ರ ಗಂಡ ಮತ್ತೊಬ್ಬಾಕಿ ಮನ್ಯಾಗ ಅದಾನ ಅಂತ ಕೇಳಿದ ಹೆಣ್ಣಮಗಳು ಒಂದು ಸಲ ಆದ್ರೂ ಬೈಬೇಕಿಲ್ಲೋ? ಹನ್ನೆರಡು ದಿವಸಾತು. ಆಕಿ ಅವಗ ಒಂದು ಬೈಗಳ ಬೈದಿಲ್ಲ." ಕೆಮ್ಮಿ, ಉಸಿರು ಹಿಡಿದು ಮತ್ತೆ ಕೇಳಿದಳು. "ಖರೆ ಹೇಳು. ಅಂಕಿ ಯಾವ ಬಣ್ಣ ಬಂತು?"

ಆಕೆಯ ಬೆನ್ನ ಹಿಂದೆ, ಒಳಗಿನ ಮಬ್ಬಿನಲ್ಲಿ, ಹೊನ್ನವ್ವ ಮೊರ ಹಿಡಿದು ನಿಂತಿದ್ದಳು. ಬೇಡ ಎಂದು ನನ್ನ ಕಡೆ ತಲೆ ಅಲ್ಲಾಡಿಸಿದಳು. ಹಳದಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ರೂಢಿ ಇತ್ತಲ್ಲ. ಆ ಮುದುಕಿಯ ಕೌದಿ ನೋಡಿದೆ, ಅದರ ಮೇಲೆಲ್ಲ ಓಣಿಯ ಧೂಳು ಕೂತಿತ್ತು.

"ಬೂದಿ," ಎಂದೆ.

ಹೊನ್ನವ್ವನ ಕೈಯಿಂದ ಮೊರ ಬಿದ್ದ ಸಪ್ಪಳ ಕೇಳಿತು. ಸಂಗವ್ವ ಓಣಿಯ ಆ ತುದಿ ಒಮ್ಮೆ ನೋಡಿದಳು, ಈ ತುದಿ ಒಮ್ಮೆ ನೋಡಿದಳು. ಆಮೇಲೆ ಒಂದು ಕೈ ಬಾಗಿಲ ಚೌಕಟ್ಟಿಗೆ ಊರಿ ಮೆಲ್ಲಗೆ ಎದ್ದಳು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದಳು. ಕೌದಿ ಎತ್ತಿ ಓಣಿಯ ಕಡೆಗೆ ಎರಡು ಸಲ ಕೊಡವಿದಳು, ಮಡಚಿ ಬಗಲಲ್ಲಿ ಇಟ್ಟುಕೊಂಡಳು.

"ಹೊನ್ನವ್ವಾ, ಈಚೆ ಬಾ ಮಗಳ. ಬಾಗಲಾ ಬಾಳ ಜಡ ಆಗೇತಿ, ನನ್ನೊಬ್ಬಾಕೀ ಕೈಲೆ ಆಗೂದಿಲ್ಲ," ಎಂದಳು.

ಇಬ್ಬರೂ ಸೇರಿ ದೂಡಿದರು. ಐದು ವರ್ಷ ಅಲುಗದ ಕದ ಕಿರಗುಟ್ಟುತ್ತ ಬಂದು ಚೌಕಟ್ಟಿಗೆ ಕೂತಿತು. ಒಳಗಿನಿಂದ ಚಿಲಕ ಎತ್ತಿದ್ದು ಕೇಳಿತು, ಕೊಂಡಿಗೆ ಬಿದ್ದದ್ದೂ ಕೇಳಿತು. ಆಮೇಲೆ ಮುದುಕಿಯ ದನಿ ಎದ್ದಿತು, ಅದರ ಹಿಂದೆಯೇ ಹೊನ್ನವ್ವನದು. ಎರಡೂ ಕೂಡಿ ಒಂದೇ ಆಗಿ, ಯಾವುದು ತಾಯಿಯದು ಯಾವುದು ಹೆಂಡತಿಯದು ಎಂದು ತಿಳಿಯದಾಯಿತು. ಎದುರು ಮನೆಯ ಕಟ್ಟೆಯ ಮೇಲಿದ್ದವರು ಎದ್ದು ನಿಂತು ಕೈ ಮುಗಿದರು. ನಾನೂ ಮುಗಿದೆ. ಆ ಅಳು ಹೊತ್ತು ಮುಳುಗುವ ತನಕ ನಿಲ್ಲಲಿಲ್ಲ, ನಾನೂ ಅಲ್ಲಿಂದ ಕದಲಲಿಲ್ಲ. ಯಾರೂ ಬಾಗಿಲು ತೆರೆದು ನನ್ನನ್ನು ಒಳಗೆ ಕರೆಯಲಿಲ್ಲ.